ಕಿತ್ತಳೆ ಹೂಗಳಿಂದ ಮನೆ ಬೆಳಗಿಸುವುದು ಹೇಗೆ: ಮೊದಲು ಬೆಳಕು, ಆಮೇಲೆ ಹೂ

ಕೆ.ಆರ್. ಮಾರುಕಟ್ಟೆಯಲ್ಲಿ ರಾಶಿ ಸುರಿದಿದ್ದಾಗ ಕಣ್ಣು ಕೋರೈಸುತ್ತಿದ್ದ ಚೆಂಡು ಹೂವನ್ನು ಮನೆಗೆ ತಂದು ನಡುಮನೆಯ ಮೂಲೆಯಲ್ಲಿಟ್ಟರೆ ಮಂಕು ಹಿಡಿದಂತೆ ಕಾಣುತ್ತದೆ. ಹೂ ಬಾಡಿರುವುದಿಲ್ಲ. ಅಲ್ಲಿ ಅದರ ಮೇಲೆ ಬೆಳಗಿನ ಬಿಸಿಲಿತ್ತು, ಮೂಲೆಯಲ್ಲಿ ಇಲ್ಲ, ಅಷ್ಟೇ. ಕಿತ್ತಳೆ ಬಣ್ಣದ ಹೂಗಳಿಂದ ಮನೆ ಕಳೆಗಟ್ಟಬೇಕು, ಮನಸ್ಸಿಗೂ ಒಂದಿಷ್ಟು ಗೆಲುವು ಬರಬೇಕು ಎನ್ನುವವರು ಹೂ ಕೊಳ್ಳುವ ಮುಂಚೆ ಮನೆಯೊಳಗಿನ ಬೆಳಕನ್ನು ನೋಡಿಕೊಳ್ಳಬೇಕು. ಯಾವ ಹೂ, ಯಾವ ಹೂದಾನಿ, ಯಾವ ಕುಂಡ ಎನ್ನುವುದೆಲ್ಲ ಆಮೇಲಿನ ಮಾತು.

ಮನಸ್ಸಿನ ಮೇಲೆ ಪರಿಣಾಮ ಎಷ್ಟು ನಿಜ?

ಕಿತ್ತಳೆ ಬಣ್ಣ ಹಸಿವು ಹೆಚ್ಚಿಸುತ್ತದೆ, ಹೊಸ ಆಲೋಚನೆ ಹುಟ್ಟಿಸುತ್ತದೆ, ಖಿನ್ನತೆ ಓಡಿಸುತ್ತದೆ ಎಂದೆಲ್ಲ ಧಾರಾಳವಾಗಿ ಬರೆಯುವವರಿದ್ದಾರೆ. ಇಂಥ ಮಾತುಗಳಲ್ಲಿ ಬಹುಪಾಲಿಗೆ ಗಟ್ಟಿ ಆಧಾರವಿಲ್ಲ. ಆಧಾರವಿರುವ ಎರಡು ಸಂಗತಿಗಳನ್ನು ಹೇಳಬಹುದು.

ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಜೀನೆಟ್ ಹ್ಯಾವಿಲೆಂಡ್-ಜೋನ್ಸ್ ಮತ್ತು ಸಂಗಡಿಗರು 2005ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವು ಮಹಿಳೆಯರ ಮನೆಗೆ ಹೂಗುಚ್ಛ, ಕೆಲವರಿಗೆ ಹಣ್ಣಿನ ಬುಟ್ಟಿ, ಕೆಲವರಿಗೆ ಮೇಣದ ಬತ್ತಿ ಕಳಿಸಿ, ಕೈಗೆ ಸಿಕ್ಕ ಕ್ಷಣದಲ್ಲಿ ಮುಖ ಹೇಗೆ ಬದಲಾಯಿತು ಎಂದು ಗಮನಿಸಿದರು. ಕಣ್ಣಿನ ಅಂಚು ಸುಕ್ಕುಗಟ್ಟುವಂಥ ನಿಜವಾದ ನಗು ಹೂ ಪಡೆದವರೆಲ್ಲರ ಮುಖದಲ್ಲಿ ಕಂಡಿತು. ಕೆಲವು ದಿನಗಳ ನಂತರ ವಿಚಾರಿಸಿದಾಗಲೂ ಅವರ ಮನಸ್ಥಿತಿ ಉಳಿದವರಿಗಿಂತ ಚೆನ್ನಾಗಿತ್ತು. ಆದರೆ ಇದು ಹೂವಿನ ಮಾತು, ಕಿತ್ತಳೆ ಬಣ್ಣದ್ದಲ್ಲ.

ಬಣ್ಣದ ವಿಚಾರಕ್ಕೆ ಬಂದರೆ, ಪೆಟ್ರೀಶಿಯಾ ವಾಲ್ಡೆಜ್ ಮತ್ತು ಆಲ್ಬರ್ಟ್ ಮೆಹ್ರಾಬಿಯನ್ 1994ರಲ್ಲಿ ಪ್ರಕಟಿಸಿದ ಕೆಲಸ ನಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಣ್ಣ ಯಾವುದು ಎನ್ನುವುದಕ್ಕಿಂತ ಅದು ಎಷ್ಟು ಹೊಳಪಾಗಿದೆ, ಎಷ್ಟು ಗಾಢವಾಗಿದೆ ಎನ್ನುವುದು ನೋಡುವವರ ಭಾವನೆಯ ಮೇಲೆ ಬಲವಾಗಿ ಕೆಲಸ ಮಾಡುತ್ತದೆ ಎಂದು ಅವರು ಕಂಡುಕೊಂಡರು. ಹೊಳಪು ಹೆಚ್ಚಿದಷ್ಟೂ ಹಿತ, ಗಾಢತೆ ಹೆಚ್ಚಿದಷ್ಟೂ ಚುರುಕು. ಕಿತ್ತಳೆ ಹೂವಿನ ಗುಟ್ಟು ಇಲ್ಲಿದೆ. ಕೆಂಪು ಗಾಢ, ಆದರೆ ಕಪ್ಪಿಗೆ ಹತ್ತಿರ. ತಿಳಿ ಹಳದಿ ಹೊಳಪು, ಆದರೆ ತೆಳು. ಗಾಢತೆ, ಹೊಳಪು ಎರಡನ್ನೂ ಒಟ್ಟಿಗೆ ಹೊತ್ತು ನಿಲ್ಲುವ ಬಣ್ಣಗಳಲ್ಲಿ ಕಿತ್ತಳೆ ಮುಂದಿನ ಸಾಲಿನದು. ಬೆಳಕು ತಪ್ಪಿತೋ, ಎರಡೂ ಹೋದವು.

ಇನ್ನೊಂದು ಪರಿಣಾಮಕ್ಕೆ ಪ್ರಯೋಗಾಲಯ ಬೇಕಿಲ್ಲ. ಆಯುಧ ಪೂಜೆಯ ದಿನ ಬಸ್ಸಿನ ಮೂತಿಯಿಂದ ಹಿಡಿದು ಆಫೀಸಿನ ಕಂಪ್ಯೂಟರಿನವರೆಗೆ ಚೆಂಡು ಹೂ ಏರಿಸಿಕೊಂಡ ನಾಡು ನಮ್ಮದು. ಹಬ್ಬದ ನೆನಪು ಆ ಬಣ್ಣಕ್ಕೆ ಅಂಟಿಕೊಂಡೇ ಬರುತ್ತದೆ. ಆದರೆ ಶವಕ್ಕೆ ಹಾಕುವ ಹಾರದಲ್ಲೂ ಇದೇ ಹೂ ಇರುತ್ತದೆ. ಈಚೆಗೆ ಸಾವು ಕಂಡ ಮನೆಯಲ್ಲಿ ಕೆಲವರಿಗೆ ಚೆಂಡು ಹೂವಿನ ವಾಸನೆ ಹೊಟ್ಟೆ ತೊಳೆಸುತ್ತದೆ. ಮನೆಯವರನ್ನು ಒಂದು ಮಾತು ಕೇಳಿ. ಅಂಥ ಮನೆಗೆ ಕನಕಾಂಬರವೋ ಜರ್ಬೆರಾವೋ ಸರಿಹೋಗುತ್ತದೆ.

ಹೂ ಔಷಧಿಯಲ್ಲ. ವಾರಗಟ್ಟಲೆ ಮಂಕು ಕವಿದಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಹೂದಾನಿಯ ಕೆಲಸ ಅದರ ನಂತರ.

ಹೆಜ್ಜೆ 1: ಬೆಳಕಿನ ಜಾಗ ಗುರುತಿಸಿ

ರಜೆಯ ದಿನ ಬೆಳಿಗ್ಗೆ 10 ಗಂಟೆಗೆ ಒಮ್ಮೆ, ಸಂಜೆ 4ಕ್ಕೆ ಇನ್ನೊಮ್ಮೆ ದಿನಪತ್ರಿಕೆ ಹಿಡಿದು ಮನೆಯೆಲ್ಲ ಓಡಾಡಿ. ಎಲ್ಲಿ ದೀಪ ಹಾಕದೆ ಸಣ್ಣಕ್ಷರ ಆರಾಮವಾಗಿ ಓದಬಹುದೋ ಅದು ಹೂವಿನ ಜಾಗ. ಓದಲು ಕಷ್ಟವಾಗುವ ಕಡೆ ಕಿತ್ತಳೆ ಹೂ ಇಟ್ಟರೆ ಕಂದು ಬಣ್ಣದ ಗುಡ್ಡೆಯಂತೆ ಕಾಣುತ್ತದೆ. ಅಲ್ಲಿ ಬಿಳಿ ಸುಗಂಧರಾಜವೇ ಲೇಸು.

ಇದಕ್ಕೆ ಕಾರಣ ನಮ್ಮ ಕಣ್ಣಿನಲ್ಲೇ ಇದೆ. ಬೆಳಕು ಕಡಿಮೆಯಾದಂತೆ ಕೆಂಪು, ಕಿತ್ತಳೆ ಬೇಗ ಕಪ್ಪಾಗುತ್ತವೆ, ನೀಲಿ ಹಸಿರು ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತವೆ. ಜೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು 19ನೇ ಶತಮಾನದ ಆರಂಭದಲ್ಲೇ ಗುರುತಿಸಿದ್ದರು. ಹಗಲಿನಲ್ಲಿ ನಮ್ಮ ಕಣ್ಣು ಹೆಚ್ಚು ಸೂಕ್ಷ್ಮವಾಗಿರುವುದು ಸುಮಾರು 555 ನ್ಯಾನೊಮೀಟರ್ ತರಂಗದ ಬೆಳಕಿಗೆ, ಕತ್ತಲಲ್ಲಿ ಸುಮಾರು 507ಕ್ಕೆ. ಕಿತ್ತಳೆ ಇರುವುದು 600ರ ಆಸುಪಾಸಿನಲ್ಲಿ. ಹೊತ್ತು ಮುಳುಗುವಾಗ ಅಂಗಳದ ಚೆಂಡು ಹೂ ಮೊದಲು ಕಣ್ಮರೆಯಾಗಿ ಮಲ್ಲಿಗೆ ಕಾಣುತ್ತಲೇ ಇರುವುದನ್ನು ನೀವೇ ನೋಡಬಹುದು.

ಪೂರ್ವದ ಕಿಟಕಿ ಬೆಳಗಿನ ಹೂವಿಗೆ ಹೇಳಿ ಮಾಡಿಸಿದ್ದು. ಎದ್ದ ಕೂಡಲೇ ಕಣ್ಣಿಗೆ ಬೀಳುವ ಜಾಗ ಅದಾಗಿದ್ದರೆ ಇನ್ನೂ ಒಳ್ಳೆಯದು. ಪಶ್ಚಿಮದ ಕಿಟಕಿಯಲ್ಲಿ ಬಣ್ಣ ಬೆಂಕಿಯಂತೆ ಹೊತ್ತಿಕೊಳ್ಳುತ್ತದೆ, ಆದರೆ ಕಿತ್ತು ತಂದ ಹೂ ಮಧ್ಯಾಹ್ನದ ಬಿಸಿಗೆ ಬೇಗ ಸೊರಗುತ್ತದೆ. ಉತ್ತರದ ಬಾಲ್ಕನಿಯವರು ನಿರಾಶರಾಗಬೇಕಿಲ್ಲ. ಬೆಂಗಳೂರು ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಮೋಡ ಬಿಟ್ಟುಕೊಟ್ಟರೆ ಆ ತಿಂಗಳುಗಳಲ್ಲಿ ಉತ್ತರದ ಬಾಲ್ಕನಿಯ ಅಂಚಿಗೂ ಬಿಸಿಲು ಬೀಳುತ್ತದೆ. ಉಳಿದ ಕಾಲಕ್ಕೆ ದಕ್ಷಿಣದ ಬಾಲ್ಕನಿಯೇ ಭಾಗ್ಯವಂತ.

ಹೆಜ್ಜೆ 2: ರಾತ್ರಿಗೆ ಬಲ್ಬ್ ಬದಲಿಸಿ

ಕೆಲಸಕ್ಕೆ ಹೋಗುವವರು ಮನೆಯ ಹೂ ನೋಡುವುದೇ ಸಂಜೆ 7ರ ನಂತರ. ನಮ್ಮ ಬಹುತೇಕ ಮನೆಗಳಲ್ಲಿ ಆಗ ಉರಿಯುವುದು 6500 ಕೆಲ್ವಿನ್‌ನ (ಬೆಳಕಿನ ಛಾಯೆಯ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನೀಲಿಯತ್ತ) ಬೆಳ್ಳನೆಯ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ. ಆ ಬೆಳಕಿನಲ್ಲಿ ನೀಲಿಯ ಪಾಲು ಹೆಚ್ಚು. ಚೆಂಡು ಹೂವಿಗೆ ಬಣ್ಣ ಕೊಡುವ ಕ್ಯಾರೊಟಿನಾಯ್ಡ್‌ಗಳು ನೀಲಿಯನ್ನು ನುಂಗಿಕೊಂಡು ಹಳದಿ, ಕಿತ್ತಳೆ, ಕೆಂಪನ್ನು ಹಿಂದಿರುಗಿಸುತ್ತವೆ. ಅಂದರೆ ನೀವು ಕೊಟ್ಟ ಬೆಳಕಿನ ಒಳ್ಳೆಯ ಪಾಲು ಹೂವಿನ ಹೊಟ್ಟೆಗೇ ಹೋಯಿತು.

ಮಾಡಬೇಕಾದ್ದು ಇಷ್ಟೇ: ಹೂ ಇರುವ ಜಾಗಕ್ಕೆ 2700ರಿಂದ 3000 ಕೆಲ್ವಿನ್‌ನ 'ವಾರ್ಮ್ ವೈಟ್' ಬಲ್ಬಿನ ಒಂದು ಟೇಬಲ್ ಲ್ಯಾಂಪ್ ಅಥವಾ ಗೋಡೆ ದೀಪ ಹಾಕಿ. ಡಬ್ಬದ ಮೇಲೆ ಸಿಆರ್‌ಐ ಸಂಖ್ಯೆ (ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ಸಹಜವಾಗಿ ಕಾಣುತ್ತವೆ ಎಂಬುದರ ಅಳತೆ) ಬರೆದಿದ್ದರೆ 90 ಅಥವಾ ಹೆಚ್ಚಿನದನ್ನು ಆರಿಸಿ. ಆ ಸಂಖ್ಯೆ ಕಡಿಮೆ ಇದ್ದರೆ ಕೆಂಪು ಛಾಯೆಗಳೇ ಮೊದಲು ಸೊರಗುವುದು. ದೀಪ ಹೂವಿಗಿಂತ ಒಂದೆರಡು ಅಡಿ ಮೇಲೆ, ಸ್ವಲ್ಪ ಪಕ್ಕದಲ್ಲಿರಲಿ. ನೇರ ಮೇಲಿಂದ ಬಿದ್ದರೆ ಎಸಳುಗಳ ನಡುವಿನ ನೆರಳೇ ಇಲ್ಲವಾಗಿ ಹೂ ಚಪ್ಪಟೆಯಾಗಿ ಕಾಣುತ್ತದೆ. ಕಿತ್ತಳೆ ಹೂವಿಗೆ ನೀವು ಹಾಕುವ ದುಡ್ಡಿನಲ್ಲಿ ಹೆಚ್ಚು ಫಲ ಕೊಡುವುದು ಈ ಬಲ್ಬ್ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೆಜ್ಜೆ 3: ಹಿನ್ನೆಲೆ ನೋಡಿ

ಪ್ಯಾರಿಸ್ಸಿನ ಗೊಬೆಲಾನ್ ನೇಯ್ಗೆ ಕಾರ್ಖಾನೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥರಾಗಿದ್ದ ರಸಾಯನಶಾಸ್ತ್ರಜ್ಞ ಮಿಶೆಲ್ ಶೆವ್ರಲ್ ಅವರಿಗೆ ಒಂದು ದೂರು ಬಂತು: ಕಪ್ಪು ನೂಲಿಗೆ ಕಪ್ಪು ಸರಿಯಾಗಿ ಹಿಡಿದಿಲ್ಲ. ಪರೀಕ್ಷಿಸಿದರೆ ನೂಲಿನಲ್ಲಿ ದೋಷವಿರಲಿಲ್ಲ, ಪಕ್ಕದಲ್ಲಿದ್ದ ನೀಲಿ, ನೇರಳೆ ಎಳೆಗಳು ಅದನ್ನು ಹಾಗೆ ಕಾಣಿಸುತ್ತಿದ್ದವು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂಬುದರ ಮೇಲೆ ಅವರ ಗ್ರಂಥ ಬಂದದ್ದು 1839ರಲ್ಲಿ. ಅದರ ಪ್ರಕಾರ ಕಿತ್ತಳೆಗೆ ಎದುರುಬಣ್ಣ ನೀಲಿ. ನೀಲಿಯ ಪಕ್ಕದಲ್ಲಿ ಕಿತ್ತಳೆ ತನ್ನ ನಿಜ ಬಣ್ಣಕ್ಕಿಂತ ಹೆಚ್ಚು ಉರಿಯುತ್ತದೆ.

ಗೋಡೆಗೆ ನೀಲಿ ಬಳಿಯಬೇಕೆಂದಲ್ಲ. ಹೂದಾನಿಯ ಕೆಳಗೆ ನೀಲಿ ಬಣ್ಣದ ಹಳೆಯ ಇಳಕಲ್ ಸೀರೆಯ ತುಂಡು ಹಾಸಿ, ಅಥವಾ ನೀಲಿ ಪಿಂಗಾಣಿ ಜಾಡಿಯಲ್ಲೇ ಹೂ ಇಡಿ. ಬೂದುಹಸಿರು, ಕಪ್ಪು ಕಲ್ಲು, ಹಳೆಯ ತೇಗದ ಮರ ಕೂಡ ಚೆನ್ನ. ಕೆನೆ ಬಣ್ಣದ ಗೋಡೆಗೆ ಹಳದಿ ದೀಪವೂ ಸೇರಿದರೆ ಕಿತ್ತಳೆ ಕರಗಿಹೋಗುತ್ತದೆ. ಅಲ್ಲಿ ಹೂವಿನ ಹಿಂದೆ ದೊಡ್ಡ ಎಲೆಯ ಗಿಡವೊಂದನ್ನು ನಿಲ್ಲಿಸಿ. ಹಳೆಯ ಮನೆಗಳ ಕೆಂಪು ಗಾರೆ ನೆಲದ ಮೇಲೆ ಕಿತ್ತಳೆ ರಂಗೋಲಿ ಎದ್ದು ಕಾಣುವುದಿಲ್ಲ. ಮೊದಲು ಬಾಳೆ ಎಲೆ ಹಾಸಿ ಅದರ ಮೇಲೆ ಹೂ ಜೋಡಿಸಿದರೆ ಸಮಸ್ಯೆ ಮುಗಿಯಿತು.

ಇಬ್ಬರ ವಿಷಯದಲ್ಲಿ ವಿಶೇಷ ಗಮನ ಬೇಕು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗಟ್ಟಿ ನೀಲಿ, ನೇರಳೆ ಬಣ್ಣಗಳು ಮಸುಕಾಗುತ್ತವೆ. ಅಜ್ಜಿಯ ಕೋಣೆಗೆ ನೀಲಿ ಶಂಖಪುಷ್ಪಕ್ಕಿಂತ ಕಿತ್ತಳೆ ಹೂ ಇಡುವುದು ಜಾಣತನ, ಅವರಿಗೆ ಅದು ಕಾಣುತ್ತದೆ. ಕೆಂಪು-ಹಸಿರು ಗೊಂದಲದ ಬಣ್ಣಗುರುಡು ಇರುವವರಿಗಾದರೆ ಹಸಿರೆಲೆಗಳ ನಡುವಿನ ಕಿತ್ತಳೆ ಹೂ ಅಷ್ಟು ಬೇರ್ಪಟ್ಟು ಕಾಣುವುದಿಲ್ಲ. ಅವರಿಗೆ ನೀಲಿ ಅಥವಾ ಬಿಳಿ ಹಿನ್ನೆಲೆಯೇ ಆಗಬೇಕು.

ಹೆಜ್ಜೆ 4: ಯಾವ ಜಾಗಕ್ಕೆ ಯಾವ ಹೂ

ಬಾಗಿಲಿಗೆ ಚೆಂಡು ಹೂ. ಇದರಲ್ಲಿ ಎರಡನೇ ಮಾತಿಲ್ಲ. ಮೆಕ್ಸಿಕೊ ಕಡೆಯಿಂದ ಬಂದ ಗಿಡವಾದರೂ ಮಾವಿನೆಲೆಯ ಜೊತೆ ಹೊಂದಿಕೊಂಡ ಪರಿ ನೋಡಿದರೆ ಇಲ್ಲೇ ಹುಟ್ಟಿದ್ದೆನ್ನಬೇಕು. ತೋರಣಕ್ಕೆ ಮೂರು ನಾಲ್ಕು ಹೂವಿಗೆ ಒಂದು ಎಲೆಯಂತೆ ಪೋಣಿಸಿ. ಸೂಜಿ ಹೂವಿನ ತೊಟ್ಟಿನ ಗಟ್ಟಿ ಭಾಗದ ಮೂಲಕ ಹೋಗಬೇಕು. ಎಸಳಿನ ಮೂಲಕ ಹೋದರೆ ಸಂಜೆಗೆ ಉದುರುತ್ತದೆ. ಅರಳಿದ ಹೂ ಕೊಳ್ಳುವಾಗ ಹಿಂದೆ ತಿರುಗಿಸಿ ನೋಡಿ: ತೊಟ್ಟು ಹಸಿರಾಗಿ ಬಿಗಿಯಾಗಿದ್ದರೆ ಹೊಸದು, ಮೆತ್ತಗಾಗಿ ಹಳದಿ ತಿರುಗಿದ್ದರೆ ನಿನ್ನೆಯದೋ ಮೊನ್ನೆಯದೋ. ಹಬ್ಬದ ಹಿಂದಿನ ದಿನ ನೀರು ಚಿಮುಕಿಸಿದ ರಾಶಿಯಲ್ಲಿ ಎಲ್ಲವೂ ಹೊಸದಾಗಿಯೇ ಕಾಣುತ್ತವೆ, ಮೋಸ ಹೋಗಬೇಡಿ.

ನಡುಮನೆಯ ಹೂದಾನಿಗೆ ಜರ್ಬೆರಾ. ಬೆಂಗಳೂರಿನ ಸುತ್ತಮುತ್ತ ಪಾಲಿಹೌಸ್‌ಗಳಲ್ಲಿ ಬೆಳೆಯುವುದರಿಂದ ವರ್ಷವಿಡೀ ಸಿಗುತ್ತದೆ. ಹಿಡಿ ತುಂಬ ತುರುಕುವುದಕ್ಕಿಂತ ಮೂರು ಹೂ ಏರಿಳಿತವಾಗಿ ನಿಂತರೆ ನೋಟ ಚೆನ್ನ. ಇಡೀ ಕೋಣೆ ಕಿತ್ತಳೆ ತುಂಬಿದರೆ ಮದುವೆ ಮಂಟಪವಾಗುತ್ತದೆ, ಕೂತು ಕಾಫಿ ಕುಡಿಯುವ ಜಾಗವಾಗಿ ಉಳಿಯುವುದಿಲ್ಲ.

ದೇವರ ಮನೆಗೆ, ಅಡುಗೆಮನೆಯ ಕಿಟಕಿಗೆ ಕನಕಾಂಬರ. ಕರಾವಳಿಯವರು ಅಬ್ಬಲಿಗೆ ಎನ್ನುವ ಇದು ದಕ್ಷಿಣ ಭಾರತ, ಶ್ರೀಲಂಕಾದ್ದೇ ಗಿಡ. ಪರಿಮಳವಿಲ್ಲ. ಅದೇ ಅದರ ಗುಣವೂ ಹೌದು: ತಲೆನೋವಿನವರಿಗೆ, ಘಾಟು ಆಗದವರಿಗೆ ತೊಂದರೆಯಿಲ್ಲ. ನೀರಿಲ್ಲದೆಯೂ ಬೇಗ ಬಾಡದ ಹೂ ಇದು, ಹಾಗಾಗಿಯೇ ಜಡೆಗೆ ಇಷ್ಟು ಬೇಡಿಕೆ. ಅಗಲ ಬಾಯಿಯ ಹಿತ್ತಾಳೆ ಬಟ್ಟಲಿನ ಅಂಚಿಗೆ ಒಂದು ಮೊಳ ಕನಕಾಂಬರ ಸುತ್ತಿ, ನಡುವೆ ನೀರು ತುಂಬಿ ನಾಲ್ಕು ಮಲ್ಲಿಗೆ ತೇಲಿಬಿಡಿ.

ಬಿಸಿಲೇ ಬಾರದ, ಆದರೆ ಬೆಳಕಿರುವ ಕೋಣೆಗೆ ಕಿತ್ತಳೆ ಆಂಥೂರಿಯಂ ಕುಂಡ. ಮಲೆನಾಡು, ಕೊಡಗಿನ ತಂಪಿನಲ್ಲಿ ಸುಖವಾಗಿರುವ ಇದರ ಒಂದೊಂದು ಹೂವೂ ಗಿಡದಲ್ಲೇ ವಾರಗಟ್ಟಲೆ ನಿಲ್ಲುತ್ತದೆ. ಬಿಸಿಲು ಮಹಡಿಯಿದ್ದರೆ ಕಿತ್ತಳೆ ಕಾಸ್ಮೋಸ್ ಬೀಜ ಎರಚಿ. ಆರೈಕೆ ಕಡಿಮೆ, ಚಿಟ್ಟೆ ಹೆಚ್ಚು. ಹೊರದೇಶದ ಚಳಿಯೂರಲ್ಲಿರುವವರಿಗೆ ಬೇಸಿಗೆಗೆ ನಾಸ್ಟರ್ಷಿಯಂ, ಕ್ಯಾಲೆಂಡುಲಾ ಸುಲಭ. ಕನಕಾಂಬರ ಅಲ್ಲಿ ಒಳಾಂಗಣದ ಕುಂಡದ ಗಿಡವಾಗಿ ನರ್ಸರಿಗಳಲ್ಲಿ ಸಿಗುವುದುಂಟು.

ಹೆಜ್ಜೆ 5: ಹೂದಾನಿಯ ಹೂ ಬಾಳಿಸುವುದು

ತಂದ ಕೂಡಲೇ ದಂಟಿನ ತುದಿಯನ್ನು ಒಂದೂವರೆ ಅಂಗುಲದಷ್ಟು ಓರೆಯಾಗಿ ಕತ್ತರಿಸಿ, ತಡಮಾಡದೆ ನೀರಿಗಿಡಿ. ನೀರಿನಲ್ಲಿ ಮುಳುಗುವ ಎಲೆಗಳನ್ನೆಲ್ಲ ತೆಗೆಯಿರಿ. ಚೆಂಡು ಹೂವಿನ ದಂಟಿನಲ್ಲಿ ಇದು ತಪ್ಪಿದರೆ ಎರಡೇ ದಿನಕ್ಕೆ ನೀರು ನಾರುತ್ತದೆ.

ಜರ್ಬೆರಾಗೆ ನಿಯಮ ಬೇರೆ. ಅದರ ರೋಮಭರಿತ ದಂಟು ನೀರಿನಲ್ಲಿ ಬೇಗ ಕೊಳೆಯುತ್ತದೆ, ಆದ್ದರಿಂದ ಹೂದಾನಿಯಲ್ಲಿ ಮೂರು ಅಂಗುಲ ನೀರಿದ್ದರೆ ಸಾಕು. ತಲೆ ಬಗ್ಗುತ್ತಿದ್ದರೆ ದಂಟಿಗೆ ತೆಳು ತಂತಿ ಸುತ್ತಿ, ಅಥವಾ ಅಂಗಡಿಯವರು ಹಾಕಿಕೊಟ್ಟ ಪ್ಲಾಸ್ಟಿಕ್ ಕೊಳವೆಯನ್ನು ಹಾಗೇ ಬಿಡಿ.

ಒಂದು ಲೀಟರ್ ನೀರಿಗೆ ಒಂದು ಚಮಚ ಸಕ್ಕರೆ, ಎರಡು ಚಮಚ ನಿಂಬೆರಸ ಸೇರಿಸಬಹುದು. ಸಕ್ಕರೆ ಆಹಾರ, ಹುಳಿ ನೀರು ದಂಟಿನಲ್ಲಿ ಸಲೀಸಾಗಿ ಏರುತ್ತದೆ. ಆದರೆ ಸಕ್ಕರೆ ಬ್ಯಾಕ್ಟೀರಿಯಾಗಳಿಗೂ ಊಟ, ಹಾಗಾಗಿ ದಿನ ಬಿಟ್ಟು ದಿನ ನೀರು ಬದಲಿಸದವರು ಬರೀ ನೀರಿನಲ್ಲಿಡುವುದೇ ಮೇಲು. ಇದಕ್ಕೆ ಬ್ಲೀಚ್ ಕೂಡ ಬೆರೆಸಿ ಎಂಬ ಸಲಹೆ ಅಲ್ಲಲ್ಲಿ ಕಾಣುತ್ತದೆ. ಹುಳಿಯ ಜೊತೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಆ ಸಾಹಸ ಬೇಡ. ಹೂದಾನಿಯನ್ನು ಹಣ್ಣಿನ ಬುಟ್ಟಿಯ ಪಕ್ಕ ಇಡಬೇಡಿ. ಮಾಗುತ್ತಿರುವ ಬಾಳೆಹಣ್ಣು ಬಿಡುವ ಎಥಿಲೀನ್ ಅನಿಲದಿಂದ ಅನೇಕ ಹೂಗಳು ಬೇಗ ಮುದುಡುತ್ತವೆ.

ಉರುಳಿಯಲ್ಲಿ, ಅಂದರೆ ಅಗಲ ಬಾಯಿಯ ಲೋಹದ ಪಾತ್ರೆಯಲ್ಲಿ, ಹೂ ತೇಲಿಸುವವರು ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಒಳಗಡೆ ಉಜ್ಜಿ ತೊಳೆಯಿರಿ. ಡೆಂಗಿ ಹರಡುವ ಸೊಳ್ಳೆ ಇಂಥ ನಿಂತ ನೀರಿನ ಪಾತ್ರೆಯ ಗೋಡೆಗೇ ಮೊಟ್ಟೆ ಅಂಟಿಸುತ್ತದೆ, ನೀರು ಚೆಲ್ಲಿದ ಮಾತ್ರಕ್ಕೆ ಹೋಗುವುದಿಲ್ಲ.

ಹೆಜ್ಜೆ 6: ಮನೆಯಲ್ಲೇ ಬೆಳೆಯುವುದಾದರೆ

ದಸರಾಕ್ಕೆ ಚೆಂಡು ಹೂ ಬೇಕೆಂದರೆ ಜುಲೈ ಮೊದಲ ಅರ್ಧದಲ್ಲಿ ಬೀಜ ಬಿತ್ತಬೇಕು. ವಾರದೊಳಗೆ ಮೊಳಕೆ, ಸುಮಾರು 25 ದಿನಕ್ಕೆ ನಾಟಿ, ಅಲ್ಲಿಂದ ಎರಡು ತಿಂಗಳಿಗೆ ಹೂ. ತಳಿ ನೋಡಿಕೊಂಡು ಸ್ವಲ್ಪ ಹಿಂದೆ ಮುಂದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ 'ಅರ್ಕಾ ಅಗ್ನಿ' ಕಿತ್ತಳೆ ಬಣ್ಣದ ತಳಿ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ನಾರಂಗಿ ಗೇಂದಾ' ಕೂಡ ಕಿತ್ತಳೆಯೇ, ಆದರೆ ಹೂವಿಗೆ ಇನ್ನೂ ಹೆಚ್ಚು ಕಾಲ ತೆಗೆದುಕೊಳ್ಳುತ್ತದೆ, ಅದಕ್ಕೆ ಬೇಗ ಬಿತ್ತಬೇಕು. ಪೂಜೆಯ ಹಾರ ಒಣಗಿಸಿ ಬೀಜ ತೆಗೆಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಾರದ ಹೂವನ್ನು ಬೀಜ ಬಲಿಯುವ ಮುಂಚೆಯೇ ಕಿತ್ತಿರುತ್ತಾರೆ, ಹೈಬ್ರಿಡ್ ಆಗಿದ್ದರೆ ಮಕ್ಕಳು ತಾಯಿಯಂತಿರುವುದಿಲ್ಲ. ನಿಮ್ಮದೇ ಗಿಡದ ಒಳ್ಳೆಯ ಹೂವೊಂದನ್ನು ಗಿಡದಲ್ಲೇ ಒಣಗಲು ಬಿಟ್ಟು ಬೀಜ ಮಾಡಿಕೊಳ್ಳಿ.

ಕುಂಡ ಕನಿಷ್ಠ 10 ಅಂಗುಲದ್ದಿರಲಿ. ಮಣ್ಣು, ಕೊಟ್ಟಿಗೆ ಅಥವಾ ಎರೆಹುಳು ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು, ಜೊತೆಗೊಂದು ಹಿಡಿ ಬೇವಿನ ಹಿಂಡಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕೇ ಬೇಕು. ನಾಟಿ ಮಾಡಿದ ಮೂರು ನಾಲ್ಕು ವಾರಕ್ಕೆ ಗಿಡದ ತುದಿ ಕುಡಿಯನ್ನು ಚಿವುಟಿ. ಮನಸ್ಸು ಬರುವುದಿಲ್ಲ, ಆದರೂ ಚಿವುಟಿ. ಪಕ್ಕದ ಕವಲೊಡೆದು ಗಿಡ ಪೊದೆಯಾಗಿ ಹೂ ಹೆಚ್ಚಾಗುತ್ತದೆ. ಗೊಬ್ಬರ ಅತಿಯಾದರೆ ಎಲೆಯೇ ಎಲೆ. ಬೇಸಿಗೆಯಲ್ಲಿ ಎಲೆಯ ಅಡಿ ಬಲೆ ಕಟ್ಟುವ ಕೆಂಪು ನುಸಿಗೆ ಮೊದಲ ಮದ್ದು ಎಲೆಯ ಕೆಳಭಾಗಕ್ಕೆ ಜೋರಾಗಿ ನೀರು ಹಾಯಿಸುವುದು.

ಕನಕಾಂಬರಕ್ಕೆ ಅರೆನೆರಳಾದರೂ ಸಾಕು. ಗಾಢ ಕಿತ್ತಳೆಯ 'ದೆಹಲಿ' ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಬೆಳೆಸಬೇಕು. ಹೆಸರಘಟ್ಟದ 'ಅರ್ಕಾ ಅಂಬರ', 'ಅರ್ಕಾ ಕನಕ' ಕೂಡ ಹೆಸರಾದವು. ತೆನೆಯಲ್ಲಿ ಹೂ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಮುಗಿದ ತೆನೆಯನ್ನು ಕತ್ತರಿಸಿದರೆ ಹೊಸದು ಬರುತ್ತದೆ. ಡಿಸೆಂಬರ್ ಚಳಿಯಲ್ಲಿ ಹೂ ಕಡಿಮೆಯಾದರೆ ಗಾಬರಿ ಬೇಡ. ಗಾಬರಿಯಾಗಬೇಕಾದ್ದು ನೀರು, ಗೊಬ್ಬರ ಸರಿಯಿದ್ದೂ ಗಿಡ ಹಳದಿ ತಿರುಗಿ ಕುಗ್ಗಿದಾಗ. ಬುಡ ಕೆದಕಿ ನೋಡಿ, ಬೇರಿನಲ್ಲಿ ಗಂಟುಗಳಿದ್ದರೆ ಅದು ಬೇರಿಗೆ ಹತ್ತುವ ಜಂತುಹುಳುವಿನ (ನೆಮಟೋಡ್) ಕಾಟ, ಕನಕಾಂಬರದ ಬದ್ಧವೈರಿ. ಇದಕ್ಕೆ ಮದ್ದು ನಮ್ಮ ಇನ್ನೊಂದು ಕಿತ್ತಳೆ ಹೂವಿನಲ್ಲೇ ಇದೆ: ಚೆಂಡು ಹೂವಿನ ಬೇರು ಸ್ರವಿಸುವ ಆಲ್ಫಾ-ಟರ್ಥಿಯೆನಿಲ್ ಎಂಬ ವಸ್ತು ಈ ಹುಳುಗಳಿಗೆ ವಿಷ. ಕನಕಾಂಬರ ನೆಡುವ ಪಾತಿಯಲ್ಲಿ ಮೊದಲೊಂದು ಬೆಳೆ ಚೆಂಡು ಹೂ ತೆಗೆಯಿರಿ, ಇಲ್ಲವೇ ಸಾಲಿನ ನಡುವೆ ಹಾಕಿ.

ಹೆಜ್ಜೆ 7: ಯಾವುದನ್ನು ಮನೆಯೊಳಗೆ ತರಬಾರದು

ಬೆಂಕಿಯ ನಾಲಿಗೆಯಂತೆ ಕಾಣುವ ಅಗ್ನಿಶಿಖೆಯ ಇಡೀ ಗಿಡ, ಅದರಲ್ಲೂ ಗೆಡ್ಡೆ ಘೋರ ವಿಷ. ಕಿತ್ತಳೆ ಛಾಯೆಯ ಕಣಗಿಲೆಯೂ ವಿಷವೇ. ಚಿಕ್ಕ ಮಕ್ಕಳ ಮನೆಗೆ ಎರಡೂ ಬೇಡ. ಬೆಕ್ಕು ಸಾಕಿದವರು ಕಿತ್ತಳೆ ಲಿಲ್ಲಿಯ ಪರಾಗವನ್ನೂ ಮನೆಯೊಳಗೆ ಬಿಡಬೇಡಿ, ಬೆಕ್ಕಿನ ಮೂತ್ರಪಿಂಡ ಕೆಟ್ಟು ಜೀವಕ್ಕೇ ಬರುತ್ತದೆ. ನರ್ಸರಿಯವರು ಆಸೆ ಹುಟ್ಟಿಸುವ ಕಲಾಂಚೊ ನಾಯಿ ಬೆಕ್ಕುಗಳಿಗೆ ಆಗದು. ಆಂಥೂರಿಯಂ ಎಲೆ ಕಚ್ಚಿದರೆ ಬಾಯಿ ಉರಿಯುತ್ತದೆ, ಎತ್ತರದಲ್ಲಿಡಿ. ಚೆಂಡು ಹೂ ಕಟ್ಟುವಾಗ ಕೈ ತುರಿಸುವವರು ಕೈಗವಸು ಹಾಕಿಕೊಳ್ಳಲಿ.

ಹೆಜ್ಜೆ 8: ಜಾಗ ಬದಲಿಸುತ್ತಿರಿ, ಹಳೆಯದನ್ನು ಬಳಸಿ

ಒಂದೇ ಕಡೆ ಇಟ್ಟ ಹೂವನ್ನು ಕಣ್ಣು ಕೆಲವೇ ದಿನಗಳಲ್ಲಿ ಗಮನಿಸುವುದನ್ನು ಬಿಡುತ್ತದೆ. ಹೂ ಇದೆ, ನೋಟ ಇಲ್ಲ. ಹಾಗಾಗಿ ವಾರಕ್ಕೊಮ್ಮೆ ಹೂದಾನಿಯನ್ನು ಊಟದ ಮೇಜಿನಿಂದ ಪುಸ್ತಕದ ಕಪಾಟಿಗೆ, ಅಲ್ಲಿಂದ ಕಿಟಕಿಗೆ ಸರಿಸಿ. ನಡುವೆ ಒಂದು ವಾರ ಹೂವೇ ಇಲ್ಲದಿದ್ದರೂ ನಷ್ಟವಿಲ್ಲ, ಮುಂದಿನ ವಾರದ ಮೂರು ಜರ್ಬೆರಾ ಆಗ ಹೆಚ್ಚು ಕೆಲಸ ಮಾಡುತ್ತವೆ.

ಬಾಡಿದ ಹಾರವನ್ನು ಕವರಿನಲ್ಲಿ ಕಟ್ಟಿ ಕೆರೆಗೆ ಎಸೆಯಬೇಡಿ. ದಾರ, ಜರಿ, ಥರ್ಮೊಕೋಲ್ ತುಂಡು ಬೇರ್ಪಡಿಸಿ ಹೂವನ್ನು ಗೊಬ್ಬರದ ಡಬ್ಬಕ್ಕೆ ಹಾಕಿ. ಚೆಂಡು ಹೂವಾದರೆ ಎಸಳು ಬಿಡಿಸಿ ನೆರಳಲ್ಲಿ ಒಣಗಿಸಿ ಕಾಗದದ ಚೀಲದಲ್ಲಿ ಕೂಡಿಡಿ. ಕಾಲು ಕಿಲೋ ಆದಾಗ ನೀರಿನಲ್ಲಿ ಒಂದು ಗಂಟೆ ಕುದಿಸಿ ಸೋಸಿ. ಒಗೆದ ಹತ್ತಿ ಬಟ್ಟೆಯನ್ನು ಮೊದಲು ಪಟಿಕದ (ಆಲಂ) ನೀರಿನಲ್ಲಿ ನೆನೆಸಿಟ್ಟು, ಆಮೇಲೆ ಈ ರಸದಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಬಂಗಾರದ ಹಳದಿ ಹಿಡಿಯುತ್ತದೆ. ಕಬ್ಬಿಣದ ಬಾಣಲೆ ಬಳಸಬೇಡಿ, ಬಣ್ಣ ಪಾಚಿ ಹಸಿರಿಗೆ ತಿರುಗುತ್ತದೆ. ಸ್ಟೀಲ್ ಪಾತ್ರೆಯೇ ಆಗಬೇಕು, ಅದನ್ನು ಮತ್ತೆ ಅಡುಗೆಗೆ ಬಳಸಬಾರದು.